ಕೇಪು ಸಿಗದ ಕಾಲದ ಚಂಗಪ್ಪ

ಕಡಲಾಚೆಯ ಹೇವರ್ಡಿನಲ್ಲಿ ನೆಲೆಸಿದ ಚಂಗಪ್ಪನ ಗರಾಜಿನಲ್ಲಿ ಕಾರಿಗೆ ಜಾಗವಿಲ್ಲ. ಅಲ್ಲಿ ಕೂತಿರುವುದು ಬಂದೂಕಿನ ಖಾಲಿ ತೋಟೆಗೆ ಮತ್ತೆ ಮದ್ದು ತುಂಬುವ ಯಂತ್ರ. ಎರಡು ಸಾವಿರನೇ ಇಸವಿಗೆ ಕಂಪ್ಯೂಟರೆಲ್ಲ ಕೆಟ್ಟು ಲೋಕ ಮುಳುಗುತ್ತದೆಂದು ಹೆದರಿದ ಜನ ಅಂಗಡಿಯ ಮದ್ದು, ಅದಕ್ಕೆ ಕಿಡಿ ಹಚ್ಚುವ ಕೇಪು ಎಲ್ಲ ಬಳಿದುಕೊಂಡು ಹೋದ ಮೇಲಂತೂ ಈ ಕೊಡವನ ಕಾಟದಿಂದ ಹೆಂಡತಿ ಬೊಳ್ಳಮ್ಮನಿಗೆ ಸಾಕುಸಾಕಾಗಿದೆ. ಶೂಟಿಂಗ್ ರೇಂಜಿನಲ್ಲಿ ಗುರಿ ಇಡುವುದಕ್ಕಿಂತ ಹೆಚ್ಚು ಹೊತ್ತು ಕುಂಡೆ ಮೇಲೆ ಮಾಡಿ, ಬೇರೆಯವರು ಬಿಸಾಕಿದ ತೋಟೆ ಆರಿಸುತ್ತಾನೆ. ಹಾಲಿಗೆ ಕಳಿಸಿದರೆ ಸ್ಯಾನ್ ಹೋಸೆವರೆಗೂ ಕೇಪು ಹುಡುಕಿ, ಬೆಲೆ ಕೇಳಿ, "ಹಗಲು ದರೋಡೆ!" ಎಂದು ಬೈದು ಬರಿಗೈಯಲ್ಲಿ ಬರುತ್ತಾನೆ, ಹಾಲೂ ಇಲ್ಲ. ಕೋವಿ ಪೂಜೆಯ ಹಬ್ಬ ಕೈಲ್ ಮುಹೂರ್ತದಂದು ತೆಂಗಿನಕಾಯಿಗೆ ಗುಂಡು ಹೊಡೆಯಲು ನೆಂಟರು ಒಂದು ತೋಟೆ ಕೇಳಿದರೆ ಕಿವುಡನಾಗುತ್ತಾನೆ. ಮೊನ್ನೆ ಅಕ್ಕಿ ಡಬ್ಬಿಯ ಹಿಂದೆ ಹೊಸದಾಗಿ ತುಂಬಿದ ಎರಡು ತೋಟೆ ಸಿಕ್ಕಾಗ ಬೊಳ್ಳಮ್ಮ ಸಿಡಿದಳು: "ಇವನ್ನೂ ಹೊಡೆದು ಮುಗಿಸಿ, ಪೀಡೆ ತೊಲಗಲಿ!" ಚಂಗಪ್ಪ ತಲೆ ಕೆರೆದುಕೊಂಡ. "ಅವು ನಾನು ಹೊಡೆಯೋಕಲ್ಲ ಮಾರಾಯ್ತಿ. ಕೊಡವ ಸತ್ತರೆ ಸಾವಿನ ಸುದ್ದಿ ಸಾರೋಕೆ ಕೋವಿಯಿಂದ ಎರಡು ಈಡು ಹೊಡೀಬೇಕಲ್ಲ. ಆವತ್ತು ಕೇಪೇ ಸಿಗದಿದ್ದರೆ?" ಬೊಳ್ಳಮ್ಮ ಅಕ್ಕಿ ಡಬ್ಬಿ ಸರಿಸಿ ಜಾಗ ಮಾಡಿದಳು. "ಎರಡೇ ಯಾಕೆ? ನಾನೇನು ಇಲ್ಲೇ ಗೂಟ ಹೊಡ್ಕೊಂಡು ಕೂರ್ತೀನಾ? ನಾಲ್ಕು ಮಾಡಿ."