ಹೊಳೆಯಿಂದ ಮಡ್ಡಿಗೆ ಅರವತ್ತೆರಡು ಅಡಿ

ಜುಗೂಳದ ಆಬಾಸಾಹೇಬರಿಗೆ ಕೃಷ್ಣಾ ಹೊಳೆಯಿಂದ ಅರ್ಧ ಮೈಲು ದೂರದಲ್ಲಿ, ಎತ್ತರದ ಮಡ್ಡಿಯ ಮೇಲೆ ನಾಲ್ಕೆಕರೆ ಹೊಲವಿತ್ತು. ಪಕ್ಕದ ಹೊಲದ ಲಗಮಣ್ಣನ ಜೊತೆ ಸೇರಿ ಅಲ್ಲಿಗೆ ಪೈಪಿನಲ್ಲಿ ನೀರು ಏರಿಸಿ ಕಬ್ಬು ಹಚ್ಚುವ ವಿಚಾರ ಮಾಡಿದರು. ಇದು ೧೯೮೬ರ ಮಾತು. ಅಥಣಿಯ ಮೋಟರ್ ಅಂಗಡಿಯವನು ಒಂದೇ ಪ್ರಶ್ನೆ ಕೇಳಿದ: "ಹೊಳಿಯಿಂದ ಹೊಲಾ ಎಷ್ಟ ಅಡಿ ಎತ್ತರ ಐತ್ರಿ?"

ಲಗಮಣ್ಣ ನಲವತ್ತು ಎಂದ, ಆಬಾಸಾಹೇಬರು ನೂರು ಎಂದರು. ಸರಿಯಾಗಿ ಅಳೆದು ಬರಲು ಹೇಳಿ ಅಂಗಡಿಯವನು ಇಬ್ಬರನ್ನೂ ಮರಳಿ ಕಳಿಸಿದ.

ಹತ್ತನೆಯ ಇಯತ್ತೆಯಲ್ಲಿದ್ದ ಆಬಾಸಾಹೇಬರ ಮಗಳು ಜಿನಮತಿ ಇದನ್ನು ಮನೆಯಲ್ಲಿ ಕೇಳಿಸಿಕೊಂಡಳು. ಆ ವಾರವಷ್ಟೇ ಶಾಲೆಯಲ್ಲಿ ವಿರುಪಾಕ್ಷಪ್ಪ ಮಾಸ್ತರರು ಬಾಗಿದ ಗಾಜಿನ ನಳಿಗೆಯಲ್ಲಿ ನೀರು ಹಾಕಿ, ಎಷ್ಟೇ ಓರೆ ಮಾಡಿದರೂ ಎರಡೂ ಕಡೆ ಅದು ಒಂದೇ ಮಟ್ಟಕ್ಕೆ ನಿಲ್ಲುವುದನ್ನು ತೋರಿಸಿದ್ದರು.

"ಸರ್, ನಳಿಗಿ ಮೂವತ್ತ ಅಡಿ ಉದ್ದ ಇದ್ರೂ ನೀರು ಹಂಗ ನಿಲ್ಲತೈತೇನ್ರಿ?" ಎಂದು ಮರುದಿನ ಜಿನಮತಿ ಕೇಳಿದಳು.

"ನಿಲ್ಲಬೇಕು. ಯಾಕ ಕೇಳಾಕತ್ತಿ?"

ಕಾರಣ ತಿಳಿದ ಮಾಸ್ತರರು ಶಾಲೆ ಇಲ್ಲದ ಐತವಾರ ತಾವೇ ಹೊಳೆಯ ದಂಡೆಗೆ ಬಂದರು. ಗವಂಡಿ ಭರಮು ಗೋಡೆಯ ಮಟ್ಟ ನೋಡಲು ಬಳಸುತ್ತಿದ್ದ ಪಾರದರ್ಶಕ ಪೈಪಿಗೆ ನೀರು ತುಂಬಿದರು. ಎರಡು ಕೋಲುಗಳ ಮೇಲೆ ಜಿನಮತಿ ಅಡಿ, ಇಂಚು ಗುರುತು ಮಾಡಿದ್ದಳು. ಹೊಳೆಯ ಅಂಚಿನಲ್ಲಿ ಗೂಟ ನೆಟ್ಟು, ನೀರಿನ ಮಟ್ಟಕ್ಕೆ ದಾರ ಕಟ್ಟಿ ಅಲ್ಲಿಂದ ಶುರು ಮಾಡಿದಳು. ಪೈಪಿನ ಎರಡು ತುದಿಗಳನ್ನು ಕೋಲುಗಳಿಗೆ ಹಿಡಿದರೆ, ನೀರು ನಿಂತಲ್ಲಿ ಕೆಳಗಿನ ಕೋಲಿನಲ್ಲೊಂದು ಅಂಕಿ, ಮೇಲಿನ ಕೋಲಿನಲ್ಲೊಂದು ಅಂಕಿ. ಅವುಗಳ ಅಂತರವನ್ನು ಬರೆದುಕೊಂಡು ಮತ್ತೆ ಮೂವತ್ತು ಅಡಿ ಮುಂದಕ್ಕೆ. ಹೀಗೆ ಎಂಬತ್ತೆಂಟು ಸಲ. ಕೂಡಿಸಿದರೆ ಅರವತ್ತೆರಡು ಅಡಿ ಎಂಟು ಇಂಚು.

"ತಂಗಿ, ಗ್ವಾಡಿ ಇಲ್ಲ, ಮಾಳಿಗಿ ಇಲ್ಲ. ಬರೇ ಗಾಳಿ ಅಳದಂಗಾತು," ಎಂದ ಲಗಮಣ್ಣ.

"ಮುಂದಿನ ಐತವಾರ ಬ್ಯಾರೆ ದಾರಿಲೆ ಮ್ಯಾಲಿಂದ ಕೆಳಗ ಅಳಿತೀನ್ರಿ ಕಾಕಾ. ತಾಳೆ ಆಗಲಿಲ್ಲಂದ್ರ ನನ್ನ ಲೆಕ್ಕ ತಪ್ಪು."

ಆ ಐತವಾರ ಮಡ್ಡಿಯಿಂದ ನೀರಿನ ಅಂಚಿನವರೆಗೆ ಅಳೆದಾಗ ಅರವತ್ತೆರಡು ಅಡಿ ಹತ್ತು ಇಂಚು ಬಂತು. ಎರಡು ಇಂಚು ಹೆಚ್ಚು. ಜಿನಮತಿಯ ಮುಖ ಬಾಡಿತು. ಪಟ್ಟಿ ಹಿಡಿದು ಗೂಟದ ಹತ್ತಿರ ಹೋದ ಮಾಸ್ತರರು ಬಹಳ ಹೊತ್ತು ಕುಕ್ಕರಗಾಲಿನಲ್ಲೇ ಕುಳಿತರು. ಆಮೇಲೆ ಎಲ್ಲರನ್ನೂ ಕರೆದರು. ವಾರದಲ್ಲಿ ಹೊಳೆ ಇಳಿದಿತ್ತು. ನೀರು ಹಿಂದಿನ ಐತವಾರ ಕಟ್ಟಿದ ದಾರಕ್ಕಿಂತ ಸರಿಯಾಗಿ ಎರಡು ಇಂಚು ಕೆಳಗಿತ್ತು.

ಲಗಮಣ್ಣ ಒಮ್ಮೆ ನೀರನ್ನೂ ಒಮ್ಮೆ ಮಡ್ಡಿಯನ್ನೂ ನೋಡಿದ. "ನಮ್ಮ ಮುತ್ಯಾನ ಕಾಲದಿಂದ ಈ ದಾರಿ ತುಳದೀವಿ. ಇಷ್ಟು ಏರತೀವಂತ ಒಬ್ರಿಗೂ ಗೊತ್ತಿರಲಿಲ್ಲ."

ಆ ಅಳತೆಗೆ ತಕ್ಕ ಮೋಟರ್ ಬಂತು, ಮಡ್ಡಿಗೆ ನೀರೂ ಏರಿತು. ಜಿನಮತಿ ಬೆಳಗಾವಿಯಲ್ಲಿ ಸಿವಿಲ್ ಡಿಪ್ಲೊಮಾ ಓದಿ ಸರ್ವೆ ಕೆಲಸ ಹಿಡಿದಳು. ತೊಂಬತ್ತೈದರ ಹೊತ್ತಿಗೆ ಶೇಡಬಾಳ, ಕಾಗವಾಡದ ರೈತರು ಪೈಪು ಹೂಳುವ ಮೊದಲು ಅವಳನ್ನೇ ಕರೆಯುತ್ತಿದ್ದರು.

ಒಮ್ಮೆ ಕೊಕಟನೂರಿನ ಹೊಲವೊಂದರಲ್ಲಿ, ದೂರದಲ್ಲಿ ಅಳತೆ ಕೋಲು ಹಿಡಿದ ಆಳನ್ನು ನಿಲ್ಲಿಸಿ ಅವಳು ಸರ್ವೆಯ ದುರ್ಬೀನು ಇಟ್ಟಾಗ, ಹೊಲದೊಡತಿ ದುಂಡವ್ವ ತಾನೂ ನೋಡಬೇಕೆಂದಳು. ಕಣ್ಣಿಟ್ಟವಳು ಹಾಗೇ ನಿಂತುಬಿಟ್ಟಳು.

"ಯವ್ವಾ, ಅಂವಾ ತಲಿಕೆಳಗ ನಿಂತಾನಲ್ಲ."

"ಗಾಜಿನಾಗ ಹಂಗ ಕಾಣತೈತ್ರಿ. ಯಾಕಂತ ಹೇಳ್ತೀನಿ, ಕುಂದರ್ರಿ," ಎಂದು ಜಿನಮತಿ ಪೆನ್ಸಿಲ್ ತೆಗೆದು ಬೆಳಕಿನ ಗೆರೆಗಳನ್ನು ಎಳೆಯತೊಡಗಿದಳು.