ಲೊಚಗುಟ್ಟಿದ್ದಕ್ಕೆ ಎರಡು ಅರ್ಥ

ಮನುಷ್ಯನ ಘನತೆಯೆಲ್ಲ ಅವನ ಹುಬ್ಬಿನಲ್ಲಿರುತ್ತದೆ. ಅಮೆರಿಕದ ಕ್ಯಾಂಪ್‌ಬೆಲ್‌ನಲ್ಲಿದ್ದ ನಮ್ಮ ಬಾಡಿಗೆ ಮನೆಯ ಮಾಲೀಕರಿಗೆ ಪೊದೆಯಂಥ ಬಿಳಿ ಹುಬ್ಬುಗಳಿದ್ದವು. ಆದರೆ ನಾನು ಅವನ್ನು ನೋಡುತ್ತಿದ್ದುದು ಹೆಚ್ಚಾಗಿ ಅವರು ನಮ್ಮ ಸಿಂಕಿನ ಕೆಳಗಿನಿಂದ ತಲೆ ಹೊರಹಾಕಿದಾಗ.

ಗ್ರೀಸಿನ ಒಂದು ದ್ವೀಪದವರು. ನಲ್ಲಿ ಸೋರುತ್ತಿದೆಯೆಂದು ಕರೆದರೆ ಮೊದಲು ದ್ವೀಪದ ಪರಿಚಯ, ಆಮೇಲೆ ನಲ್ಲಿ. ಹಡಗಿನಿಂದ ಇಳಿದವರು ಬಂದರಿನ ಹೋಟೆಲುಗಳತ್ತ ನೋಡಕೂಡದು. ಎಡಕ್ಕೆ ತಿರುಗಿ ಮೆಟ್ಟಿಲು ಹತ್ತಬೇಕು. ಮಧ್ಯಾಹ್ನ ಯಾರ ಬಾಗಿಲನ್ನೂ ತಟ್ಟಕೂಡದು, ದೇವರೂ ಮಲಗಿರುತ್ತಾನೆ. ಉತ್ತರದ ಗಾಳಿ ಎದ್ದು ಹಡಗು ನಿಂತರೆ ಸಿಟ್ಟಾಗದೆ ಮೀನು ತಿನ್ನುತ್ತ ಕೂರಬೇಕು. ಇಷ್ಟೆಲ್ಲ ಬಲ್ಲವರು ತಾವು ಮಾತ್ರ ಒಮ್ಮೆಯೂ ಹಿಂದಕ್ಕೆ ಹೋಗಿರಲಿಲ್ಲ. ಅಮೆರಿಕಕ್ಕೆ ಹೊರಟ ದಿನ ಅಕ್ಕ ಜಗಳವಾಡಿ ಬಾಗಿಲು ಹಾಕಿಕೊಂಡಿದ್ದಳಂತೆ.

ನನ್ನ ಡಾಟ್ ಕಾಮ್ ಕಂಪನಿ, ತಾನು ಮಾರುವುದೇನೆಂದು ತನಗೇ ತಿಳಿಯುವ ಮೊದಲು ಮುಚ್ಚುವ ಹಂತಕ್ಕೆ ಬಂದು, ಉಳಿದ ರಜೆ ಈಗಲೇ ತೆಗೆದುಕೊಳ್ಳಿ ಎಂದಿತು. ಬೆಂಗಳೂರಿಗೆ ಹೋಗುವ ದಾರಿಯಲ್ಲಿ ಆ ದ್ವೀಪವನ್ನೂ ನೋಡೋಣವೆಂದುಕೊಂಡೆವು. ಸುದ್ದಿ ಕೇಳಿದ ಮಾಲೀಕರು ಸ್ಪ್ಯಾನರು ಕೆಳಗಿಟ್ಟರು.

"ಅಕ್ಕನ್ನ ನೋಡ್ತೀರಾ? ತುಂಬ ವಯಸ್ಸಾಗಿದೆ. ನಾನು ಬಂದ್ರೆ ಬಾಗಿಲು ತೆಗೀತಾಳಾ ಅಂತ ಕೇಳ್ತೀರಾ?"

ನಾನು ತಲೆಯೆತ್ತಿ ಲೊಚಗುಟ್ಟಿದೆ. ಅವರು ಕೆಲಸ ಅರ್ಧಕ್ಕೇ ಬಿಟ್ಟು ಹೊರಟುಹೋದರು.

"ಏನಂದ್ರಿ ಅವರಿಗೆ?" ಎಂದಳು ಹೆಂಡತಿ.

"ಏನೂ ಅನ್ಲಿಲ್ಲ ಕಣೇ. ಪಾಪ ಅನ್ನಿಸ್ತು, ಲೊಚ್ ಅಂದೆ ಅಷ್ಟೇ."

"ನೀವು ಬಾಯಿ ತೆಗೀದೇನೇ ಕೆಲಸ ಕೆಡಿಸ್ತೀರಲ್ಲಾ ರೀ!"

ಚಿತ್ರಾನ್ನದ ಡಬ್ಬಿ ಹಿಡಿದು ಅವಳೇ ಅವರ ಮನೆಗೆ ಹೋದಳು. ಅವರು ಗದ್ದ ಮೇಲೆತ್ತಿ ನನ್ನಂತೆಯೇ ಲೊಚಗುಟ್ಟಿ ತೋರಿಸಿ, "ನಮ್ಮ ದ್ವೀಪದಲ್ಲಿ ಹೀಗೆ ಮಾಡಿದ್ರೆ 'ಆಗಲ್ಲ' ಅಂತ" ಎಂದರಂತೆ.

"ನಮ್ಮ ಮೈಸೂರಲ್ಲಿ 'ಅಯ್ಯೋ ಪಾಪ' ಅಂತ ಅಂಕಲ್."

ಅವರು ನಗುತ್ತ ಬಂದು ನಲ್ಲಿಯನ್ನು ರಿಪೇರಿ ಮಾಡಿದರು. ಅದು ಆಮೇಲೂ ಸೋರುತ್ತಿತ್ತು.

ದ್ವೀಪದಲ್ಲಿ ಎಡಕ್ಕೆ ತಿರುಗಿ ಮೆಟ್ಟಿಲು ಹತ್ತಿ ಅಕ್ಕನ ಮನೆ ತಲುಪಿದೆವು. ಇಂಗ್ಲಿಷ್ ಬಲ್ಲ ಪಕ್ಕದ ಮನೆಯ ಮೇಡಂ ನಮ್ಮ ಪ್ರಶ್ನೆಯನ್ನು ಅಕ್ಕನಿಗೆ ದಾಟಿಸಿದರು. ಮುದುಕಿಯ ಉತ್ತರ ಬೀದಿಗೆಲ್ಲ ಕೇಳಿಸಿತು. "ನಾನು ಅವತ್ತು ಬಾಗಿಲು ಹಾಕಿದ್ದೆ, ಚಿಲಕ ಹಾಕಿರಲಿಲ್ಲ. ತಳ್ಳಿ ನೋಡಬೇಕಿತ್ತು, ಕತ್ತೆ!"

ಹಿಂದಿರುಗಿದ ಮೇಲೆ ನನ್ನವಳು ಅದನ್ನು ಮಾಲೀಕರಿಗೆ ಒಂದಕ್ಷರ ಬಿಡದೆ ಒಪ್ಪಿಸಿದಳು.

"ಕತ್ತೆ ಅಂದಳಾ? ನಿಜವಾಗಿ?"

"ನಿಜವಾಗ್ಲೂ ಅಂಕಲ್. ಜೋರಾಗೇ ಅಂದ್ರು."

 ಅವರು ಟಿಕೆಟ್ ಎಲ್ಲಿ ಕೊಂಡಿರೆಂದು ಕೇಳಿದರು.

ಮಳೆಗಾಲ ಶುರುವಾಗುವ ಮೊದಲೇ ಮನೆ ಮಾರಿ ಹೋದರು. ಕೊನೆಯ ವರ್ಷಗಳಲ್ಲಿ ಅಕ್ಕನ ಮನೆಯಲ್ಲಿದ್ದು, ಅಲ್ಲೇ ತೀರಿಕೊಂಡರು.