ಅಮ್ಮಾಜಮ್ಮನ ಕೈಬೀಸು ನಡಿಗೆ

ನಮ್ಮ ಅತ್ತಿಗೆ ಅಮ್ಮಾಜಮ್ಮನಿಗೆ ಸಕ್ಕರೆ ಕಾಯಿಲೆ ಎಂಬ ಸುದ್ದಿಯನ್ನು ಬೂದಿಕೋಟೆಗೆ ತಂದವನು ನಾನೇ. ಅದು ಎಂಬತ್ನಾಲ್ಕನೇ ಇಸವಿ. ನಾನಾಗ ಕೆಜಿಎಫ್ ಚಿನ್ನದ ಗಣಿಯ ಚಾಂಪಿಯನ್ ರೀಫ್ಸ್‌ನ ವರ್ಕ್‌ಶಾಪಿನಲ್ಲಿ ಫಿಟ್ಟರ್. ತಮಿಳು ಬರುತ್ತದೆ, ನಾಲ್ಕಕ್ಷರ ಇಂಗ್ಲಿಷ್ ಓದುತ್ತೇನೆ ಎಂದು ಮನೆಯವರ ಆಸ್ಪತ್ರೆ ಓಡಾಟವೆಲ್ಲ ನನ್ನ ತಲೆಗೇ ಬೀಳುತ್ತಿತ್ತು.

ಬಂಗಾರಪೇಟೆಯ ಡಾಕ್ಟರ್ ಪೆರುಮಾಳ್ ಗಾಜಿನ ಕೊಳವೆಯಲ್ಲಿ ನೀಲಿ ಔಷಧಿಗೆ ನಾಲ್ಕು ಹನಿ ಮೂತ್ರ ಬಿಟ್ಟು ಕಾಯಿಸಿದರು. ಅದು ಇಟ್ಟಿಗೆ ಬಣ್ಣಕ್ಕೆ ತಿರುಗಿತು. "ಗುಳಿಗೆ ಆಮೇಲೆ ನೋಡೋಣ. ಮೊದಲು ದಿನಕ್ಕೊಂದು ಗಂಟೆ ನಡೀಲಿ" ಎಂದು ತಮಿಳಿನಲ್ಲಿ ಹೇಳಿದರು. ನಾನು ಕನ್ನಡದಲ್ಲಿ ಒಪ್ಪಿಸಿದೆ. ಅತ್ತಿಗೆಗೆ ನಗು ಬಂತು.

"ಎರಡು ಅಸ, ಒಂದೆಮ್ಮೆ, ದಿನಾ ಎರಡೊರೆ ಉಲ್ಲು. ನಾನು ಕುಂತಿದ್ದು ಯಾವಾಗ ಅಂತ ಕೇಳು ಅವ್ರನ್ನ."

ಡಾಕ್ಟರು ತಲೆಯಾಡಿಸಿದರು. ಅದು ಕೆಲಸ, ಇದು ನಡಿಗೆ. ತಲೆ ಮೇಲೆ ಹೊರೆ ಇರಬಾರದು, ಕೈಯಲ್ಲಿ ಕುಡುಗೋಲು ಇರಬಾರದು. ಕೈ ಬೀಸಿಕೊಂಡು ನಡೆಯಬೇಕು.

"ಕೈ ಬೀಸ್ಕೊಂಡಾ?" ಎಂದು ಅತ್ತಿಗೆ ಎರಡು ಸಲ ಕೇಳಿದಳು. ನಮ್ಮ ಕಡೆ ಅದು ಬೈಗುಳಕ್ಕೆ ಸಮ. ನೆಂಟರ ಮನೆಗೆ ಒಂದು ಬಾಳೆಹಣ್ಣೂ ಇಲ್ಲದೆ ಬಂದವರನ್ನು 'ಕೈ ಬೀಸ್ಕೊಂಡು ಬಂದವ್ಳೆ' ಎನ್ನುತ್ತಾರೆ. ಈಗ ಅದನ್ನೇ ಡಾಕ್ಟರು ಔಷಧಿ ಎನ್ನುತ್ತಿದ್ದರು.

ಮನೆಯಲ್ಲಿ ಪಂಚಾಯ್ತಿಯಾಯಿತು. ನಮ್ಮಮ್ಮ ತೀರ್ಪು ಕೊಟ್ಟಳು: "ವಾಸಿ ಆಗೋವರ್ಗೂ ನಡೀಲಿ. ವಾಸಿ ಆದ್ಮೇಲೆ ಈ ಸೋಗೆಲ್ಲ ಬ್ಯಾಡ." ಬೆಳಗ್ಗೆ ಡೈರಿಗೆ ಹಾಲು ಹಾಕಿ ಬರುವುದು ಅತ್ತಿಗೆಯ ಕೆಲಸ. ಅದು ನಮ್ಮಣ್ಣ ಅಶ್ವತ್ಥಪ್ಪನ ಪಾಲಿಗೆ ಬಿತ್ತು. ಕ್ಯಾನು ಹಿಡಿದು ಹೆಂಗಸರ ಸಾಲಿನಲ್ಲಿ ನಿಲ್ಲಬೇಕಾದ ಅಣ್ಣನಿಗಂತೂ ಹೆಂಡತಿ ನಾಳೆಯೇ ವಾಸಿಯಾಗಬೇಕಿತ್ತು.

ಊರಿನವರ ಕಷ್ಟ ಬೇರೆ. ಹೊರಟವರನ್ನು 'ಎಲ್ಲಿಗೆ' ಎಂದು ಕೇಳಿದರೆ ಅಪಶಕುನ. ಆದ್ದರಿಂದ ಎದುರುಮನೆ ನರಸಮ್ಮ ದಿನಾ ಸುತ್ತು ಬಳಸಿ, "ದೂರಾನಾ ಅಮ್ಮಾಜಕ್ಕ?" ಎನ್ನುತ್ತಿದ್ದಳು. "ಇಲ್ಲೇ" ಎಂದು ಅತ್ತಿಗೆ ದಾಟಿಬಿಡುತ್ತಿದ್ದಳು. ಇಲ್ಲೇ ಅಂದರೆ ಎಲ್ಲಿ? ಕೈಯಲ್ಲಿ ಕೊಡವಿಲ್ಲ, ಕಂಕುಳಲ್ಲಿ ಬುಟ್ಟಿಯಿಲ್ಲ. ಶಾಸ್ತ್ರ ಕೇಳಲು ಹೋಗುತ್ತಾಳೆ ಎಂದರು. ಕೋಟೆ ಗುಡ್ಡದಲ್ಲಿ ನಿಧಿ ಸಿಕ್ಕಿರಬೇಕು ಎಂದರು. ಪಕ್ಕದ ಹಳ್ಳಿಯಲ್ಲಿದ್ದ ಅವಳ ಚಿಕ್ಕಮ್ಮ, ಬಾಗಿಲ ಮುಂದೆಯೇ ಕೈ ಬೀಸಿಕೊಂಡು ಹೋದಳು, ಒಳಗೂ ಬರಲಿಲ್ಲ ಎಂದು ತಿಂಗಳುಗಟ್ಟಲೆ ಮಾತು ಬಿಟ್ಟಳು.

ಅತ್ತಿಗೆಯ ಒಂದು ಗಂಟೆ ಒಂದೂವರೆಯಾಯಿತು. ಬಂದವಳ ಮುಖದಲ್ಲಿ ಏನೋ ಕಳೆ. ಏನಿದೆಯಪ್ಪ ಅಲ್ಲಿ? ನಾನೂ ಊರಿನವನೇ ತಾನೆ, ತಡೆಯಲಾಗಲಿಲ್ಲ. ಒಂದು ಭಾನುವಾರ ಕೋರಮಂಡಲ್ ಮೈದಾನದ ಫುಟ್‌ಬಾಲ್ ಬಿಟ್ಟು ಅವಳ ಹಿಂದೆ ಬಿದ್ದೆ.

ಹೊಲದ ಬದು ಹಿಡಿದಳು, ಹುಣಸೆ ತೋಪು ದಾಟಿದಳು. ಬಂಡೆ ಸಿಕ್ಕಿದರೆ ಹತ್ತಿ ನಿಂತು ಸುತ್ತ ನೋಡುತ್ತಿದ್ದಳು. ಮಾರ್ಕಂಡೇಯ ಡ್ಯಾಮಿನ ಏರಿ ಹತ್ತುವಾಗ ಹಿಂತಿರುಗದೆಯೇ, "ಬಾ ಕೋದಂಡಪ್ಪ. ಕದ್ದು ಬರೋಕೆ ನಾನೇನು ಕೋಳಿ ಕದ್ದಿದ್ದೀನಾ?" ಎಂದಳು.

ಹಲ್ಲು ಗಿಂಜುತ್ತಾ ಪಕ್ಕಕ್ಕೆ ಹೋಗಿ ನಿಂತೆ. ಅವಳಿಗೆ ಹೇಳಲು ರಾಶಿ ಇತ್ತು. ಕೋಟೆ ಗುಡ್ಡದ ನೆತ್ತಿಯಿಂದ ನಮ್ಮನೆ ಹೆಂಚು ಕಾಣುತ್ತದಂತೆ. "ಬಂದು ಇಪ್ಪತ್ತೆರಡು ವರ್ಸ ಆಯ್ತು. ಗುಡ್ಡದ ಆ ಮಗ್ಗುಲು ಎಂಗೈತೆ ಅಂತ ಈ ವರ್ಸ ನೋಡ್ದೆ. ದೂರದಾಗೆ ಬೆಳ್ಳಗೆ ದಿಬ್ಬ ಕಾಣ್ತದಲ್ಲ, ಅದೇನಾ ನಿನ್ನ ಗಣಿ?"

"ಅದೇ ಅತ್ಗೆ. ಚಿನ್ನ ತೆಗ್ದು ಬಿಸಾಕಿದ ಮಣ್ಣು."

ಅಷ್ಟರಲ್ಲಿ ಕೆಜಿಎಫ್ ಕಡೆಯಿಂದ ಒಂದು ವ್ಯಾನು ಬಂತು. ಮೂರು ಸಂಸಾರ ಇಳಿದವು. ಗಂಡಸರು ಚೆಂಡು ಒದೆಯತೊಡಗಿದರು. ಹೆಂಗಸರು ಚಪ್ಪಲಿ ಬಿಟ್ಟು ನೀರಲ್ಲಿ ಕಾಲಾಡಿಸುತ್ತಾ ಕೇಕೆ ಹಾಕಿದರು. ಟಿಫನ್ ಕ್ಯಾರಿಯರ್ ಬಿಚ್ಚಿ ಚಿತ್ರಾನ್ನ ಹಂಚಿದರು. ಅತ್ತಿಗೆ ಕಣ್ಣು ಮಿಟುಕಿಸದೆ ನೋಡಿದಳು.

"ಏನು ಕೆಲ್ಸಕ್ಕೆ ಬಂದವ್ರೆ ಇವ್ರು?"

"ಪಿಕ್ನಿಕ್‌ಗೆ."

"ಅಂದ್ರೆ?"

"ಸುಮ್ನೆ. ಕೆಲ್ಸ ಏನಿಲ್ಲ."

"ಎಂಗಸ್ರೂನಾ?"

"ಎಂಗಸ್ರೂನೂ."

ನೀರಲ್ಲಿದ್ದ ಹೆಂಗಸರ ಕಡೆ ಕೈ ತೋರಿಸಿ ಕೇಳಿದಳು: "ಇವ್ರಿಗೂ ಡಾಕ್ಟ್ರು ಬರ್ಕೊಟ್ಟವ್ರಾ?"

ನಾನು ಜೋರಾಗಿ ನಕ್ಕೆ. ಅವಳು ನಗಲಿಲ್ಲ. ಅದು ತಮಾಷೆಯ ಮಾತಲ್ಲ ಎಂದು ನನಗಾಗ ಹೊಳೆಯಲೇ ಇಲ್ಲ.

ವರ್ಷ ತುಂಬಿದ ಮೇಲೆ ಅವಳನ್ನು ಮತ್ತೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಕೊಳವೆ ಕಾಯಿಸಿದರು. ಎಷ್ಟು ಕಾಯಿಸಿದರೂ ನೀಲಿ ನೀಲಿಯಾಗಿಯೇ ಉಳಿಯಿತು. ಡಾಕ್ಟರಿಗೆ ಖುಷಿಯೋ ಖುಷಿ. ತಮ್ಮ ಹರಕು ಕನ್ನಡದಲ್ಲಿ ನೇರವಾಗಿ ಅವಳಿಗೇ ಹೇಳಿದರು: "ಸಕ್ಕರೆ ಇಲ್ಲಮ್ಮಾ! ಮನೆಯಲ್ಲಿ ಕೆಲಸ ಇದೆಯಲ್ಲ, ಇನ್ನು ಅಷ್ಟು ನಡೀಬೇಕಾಗಿಲ್ಲ."

ಅತ್ತಿಗೆಯ ಮುಖ ಇಳಿದುಹೋಯಿತು. ಕೊಳವೆ ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ಮೆಲ್ಲಗೆ ಕೇಳಿದಳು: "ಸಾಮೀ, ಸಕ್ರೆ ವಸಿ ಉಳ್ಸಕ್ಕಾಗಲ್ವಾ?"

"ಎನ್ನ ಸೊಲ್ರಾಂಗ?" ಎಂದು ಡಾಕ್ಟರು ನನ್ನ ಕಡೆ ತಿರುಗಿದರು. ಏನು ಹೇಳುತ್ತಿದ್ದಾರೆ ಎಂದು ಅವರ ಪ್ರಶ್ನೆ.

ನಾನು ಹದಿನೈದು ವರ್ಷದಿಂದ ಪ್ರತಿ ಭಾನುವಾರ ಚೆಂಡಿನ ಹಿಂದೆ ಓಡಿದ್ದೇನೆ. ಬೇತಮಂಗಲದ ಕೆರೆಯಲ್ಲಿ ಗೆಳೆಯರ ಜೊತೆ ದಿನವಿಡೀ ಈಜಿದ್ದೇನೆ. ಮನೆಯಲ್ಲಿ ಯಾರೂ ನನ್ನನ್ನು ಡಾಕ್ಟರ ಚೀಟಿ ಕೇಳಿರಲಿಲ್ಲ. ನನಗೆ ನಾಚಿಕೆಯಾಯಿತು, ತಲೆ ಎತ್ತಲಾಗದಷ್ಟು. ನಮ್ಮಮ್ಮನ ತೀರ್ಪು, ಅಣ್ಣನ ಹಾಲಿನ ಕ್ಯಾನು, ಡ್ಯಾಮಿನ ಹತ್ತಿರ ಅವಳು ಕೇಳಿದ ಮಾತು ಎಲ್ಲವನ್ನೂ ತಮಿಳಿನಲ್ಲಿ ಹೇಳಿದೆ.

ಡಾಕ್ಟರು ನಗಲಿಲ್ಲ. "ಮನೆಯಲ್ಲಿ ಇಂಗ್ಲಿಷ್ ಓದೋರು ಯಾರಿದ್ದಾರೆ?" ಎಂದು ಕೇಳಿದರು.

"ನಾನೊಬ್ಬನೇ ಸಾರ್."

ಸುಳ್ಳು ಬರೆಯುವ ಡಾಕ್ಟರಲ್ಲ ಅವರು. ಚೀಟಿಯಲ್ಲಿ 'ನಾರ್ಮಲ್' ಎಂದೇ ಬರೆದು, ಮಡಚಿ ನನ್ನ ಕೈಗಿಟ್ಟರು. "ಓದಿ ಹೇಳೋದು ನಿಮ್ಮ ಕೆಲಸ" ಎಂದರು. ಬಂಗಾರಪೇಟೆಯಿಂದ ಊರಿನವರೆಗೂ ಅತ್ತಿಗೆ ಬಸ್ಸಿನ ಕಿಟಕಿಯಾಚೆಯ ಗುಡ್ಡಗಳನ್ನೇ ನೋಡುತ್ತಾ ಬಂದಳು.

ನಮ್ಮಮ್ಮ ಜಗಲಿಯ ಮೇಲೆಯೇ ಕಾಯುತ್ತಿದ್ದಳು. ಅಣ್ಣನೂ ಇದ್ದ.

"ವಾಸಿ ಆಯ್ತಂತಾ ಕೋದಂಡ?"

ನಾನು ಚೀಟಿ ಬಿಚ್ಚಿದೆ. ಅದರಲ್ಲಿದ್ದದ್ದು ಒಂದೇ ಪದ. ಉದ್ದಕ್ಕೆ ಬರೆದಿರುವಂತೆ ಬೆರಳಿಟ್ಟು ಓದಿದೆ. "ದಿನಾ ಒಂದೂವರೆ ಗಂಟೆ ನಡೀಬೇಕಂತೆ."

"ಇನ್ನೂ ಎಷ್ಟು ದಿನ?"

"ಬದುಕಿರೋವರ್ಗೂ ಅಂತ ಬರ್ದವ್ರೆ."

ಅತ್ತಿಗೆ ಸೆರಗಿನಿಂದ ಮುಖ ಒರೆಸಿಕೊಂಡು ಎಮ್ಮೆಯ ಹಾಲು ಕರೆಯಲು ಹೋದಳು. ಅಣ್ಣ ನಿಟ್ಟುಸಿರುಬಿಟ್ಟ. "ಅಂಗಾದ್ರೆ ನಾಳೆ ಡೈರಿಗೆ ನಾನೇನಾ?"

"ನೀನೇ ಕಣಣ್ಣ" ಎಂದೆ.